ಗ್ವಾಂಟನಾಮೊ ಬಂದಿಗಳಿಗೆ ಕೋರ್ಟಿನ ಬಾಗಿಲು: ತೆರೆದದ್ದು ಹೇಗೆ, ಒಳಗೆ ಆದದ್ದೇನು

ಯುದ್ಧದಲ್ಲಿ ಸೆರೆಸಿಕ್ಕ ಸೈನಿಕನ ಮೇಲೆ ಸಾಮಾನ್ಯವಾಗಿ ಯಾರೂ ಮೊಕದ್ದಮೆ ಹೂಡುವುದಿಲ್ಲ. ಕಾದಾಡಿದ್ದು ಅವನ ಅಪರಾಧವಲ್ಲ. ಮತ್ತೆ ಹೋಗಿ ಬಂದೂಕು ಹಿಡಿಯದಿರಲಿ ಎಂದಷ್ಟೇ ಅವನನ್ನು ಹಿಡಿದಿಟ್ಟು, ಕಾದಾಟ ನಿಂತ ಮೇಲೆ ಮನೆಗೆ ಕಳಿಸಬೇಕು. 1949ರ ಮೂರನೇ ಜಿನೀವಾ ಒಪ್ಪಂದದ 118ನೇ ವಿಧಿ ಹೇಳುವುದು ಇದನ್ನೇ. 1971ರ ಯುದ್ಧದ ನಂತರ ಭಾರತದ ಶಿಬಿರಗಳಲ್ಲಿದ್ದ 90 ಸಾವಿರಕ್ಕೂ ಹೆಚ್ಚು ಪಾಕಿಸ್ತಾನಿಗಳು ಸರ್ಕಾರಗಳ ನಡುವಿನ ಒಪ್ಪಂದದ ಮೇಲೆ 1974ರ ಹೊತ್ತಿಗೆ ಊರು ಸೇರಿದ್ದು ಹೀಗೆಯೇ.

ಹಾಗಾದರೆ ಇಲ್ಲಿ ಕೋರ್ಟಿಗೇನು ಕೆಲಸ? ಸಮವಸ್ತ್ರ ಇರುವವರೆಗೆ ಹೆಚ್ಚೇನಿಲ್ಲ. ಮೈಮೇಲಿನ ಬಟ್ಟೆ, ಹುದ್ದೆ, ಸೈನಿಕ ಸಂಖ್ಯೆ ಇವೇ ಅವನು ಯಾರೆಂದು ಹೇಳಿಬಿಡುತ್ತವೆ. ಸಮವಸ್ತ್ರವಿಲ್ಲದವನನ್ನು ಹಿಡಿದಾಗ ಮೊದಲ ಪ್ರಶ್ನೆಯೇ ತಗಾದೆಗೆ ಬೀಳುತ್ತದೆ: ಇವನು ನಿಜಕ್ಕೂ ಶತ್ರುವಿನ ಕಡೆಯವನೇ, ಇಲ್ಲವೇ ಹೆಸರು ತಪ್ಪಿ, ಹಗೆಯಿಂದ ಅಥವಾ ಇನಾಮಿನ ಆಸೆಗೆ ಯಾರೋ ಹಿಡಿದುಕೊಟ್ಟವನೇ? ಈ ಅನುಮಾನಕ್ಕೂ ಜಿನೀವಾ ಒಪ್ಪಂದದಲ್ಲಿ ದಾರಿಯಿದೆ. ಸಂಶಯ ಬಂದರೆ ಸಮರ್ಥ ನ್ಯಾಯಮಂಡಳಿಯೊಂದು ತೀರ್ಮಾನಿಸಬೇಕು, ಅಲ್ಲಿಯವರೆಗೆ ಅವನನ್ನು ಯುದ್ಧಕೈದಿಯಂತೆಯೇ ನಡೆಸಿಕೊಳ್ಳಬೇಕು ಎನ್ನುತ್ತದೆ 5ನೇ ವಿಧಿ. 1991ರ ಕೊಲ್ಲಿ ಯುದ್ಧದಲ್ಲಿ ಅಮೆರಿಕದ ಸೈನ್ಯವೇ ರಣರಂಗದ ಬಳಿಯಲ್ಲಿ ಇಂಥ ಸಾವಿರಕ್ಕೂ ಹೆಚ್ಚು ವಿಚಾರಣೆ ನಡೆಸಿತ್ತು. ಹಿಡಿದುತಂದವರಲ್ಲಿ ಬಹುಪಾಲು ಜನ ಸೈನಿಕರಲ್ಲ, ಮನೆಮಠ ಬಿಟ್ಟು ಓಡಿಬಂದ ನಾಗರಿಕರು ಎಂದು ಆಗ ಗೊತ್ತಾಯಿತು.

ಅಫ್ಗಾನಿಸ್ತಾನದ ಯುದ್ಧದಲ್ಲಿ ಸಿಕ್ಕವರ ವಿಷಯದಲ್ಲಿ ಅಮೆರಿಕ 2002ರಲ್ಲಿ ಈ ಹೆಜ್ಜೆಯನ್ನೇ ಬಿಟ್ಟಿತು. ತಾಲಿಬಾನ್ ಮತ್ತು ಅಲ್ ಖೈದಾದವರು ಯಾರೂ ಯುದ್ಧಕೈದಿಗಳಲ್ಲ, ಆ ಬಗ್ಗೆ ಸಂಶಯವೇ ಇಲ್ಲ ಎಂದು ಅಧ್ಯಕ್ಷ ಜಾರ್ಜ್ ಬುಷ್ ಫೆಬ್ರವರಿ 7ರಂದು ಒಂದೇ ಆದೇಶದಲ್ಲಿ ತೀರ್ಮಾನಿಸಿದರು. ಸಂಶಯವಿಲ್ಲದ ಮೇಲೆ ಮಂಡಳಿಯೂ ಬೇಡವಾಯಿತು. ಮುಂದಿನ ಇಪ್ಪತ್ತು ವರ್ಷಗಳ ವ್ಯಾಜ್ಯವೆಲ್ಲ ಹುಟ್ಟಿದ್ದು ಇಲ್ಲಿಂದ. ಹಿಡಿದ ಜಾಗದಲ್ಲೇ, ಸಾಕ್ಷಿಗಳು ಕೈಗೆ ಸಿಗುವಾಗಲೇ ಕೆಲವು ದಿನಗಳಲ್ಲಿ ಮುಗಿಯುತ್ತಿದ್ದ ವಿಚಾರಣೆಯನ್ನು ಬಿಟ್ಟು, ಆರೇಳು ವರ್ಷದ ಬಳಿಕ ಸಾವಿರಾರು ಮೈಲಿ ದೂರದ ವಾಷಿಂಗ್ಟನ್ನಿನಲ್ಲಿ ನಡೆಸಬೇಕಾಯಿತು. ಸರ್ಕಾರದ್ದೇ ದಾಖಲೆಗಳನ್ನು ಎಣಿಸಿದ ಸೇಟನ್ ಹಾಲ್ ವಿಶ್ವವಿದ್ಯಾಲಯದ 2006ರ ವರದಿಯ ಪ್ರಕಾರ, ಕ್ಯೂಬಾದಲ್ಲಿರುವ ಅಮೆರಿಕದ ನೌಕಾನೆಲೆ ಗ್ವಾಂಟನಾಮೊಗೆ ತಂದ ಬಂದಿಗಳಲ್ಲಿ ಅಮೆರಿಕನ್ ಪಡೆಗಳು ತಾವೇ ಹಿಡಿದವರು ಶೇ 5ರಷ್ಟು ಮಾತ್ರ. ಉಳಿದವರಲ್ಲಿ ಹೆಚ್ಚಿನವರನ್ನು ಹಿಡಿದುಕೊಟ್ಟದ್ದು ಪಾಕಿಸ್ತಾನ ಅಥವಾ ಅಫ್ಗಾನಿಸ್ತಾನದ ತಾಲಿಬಾನ್ ವಿರೋಧಿ ಪಡೆಗಳ ಉತ್ತರ ಒಕ್ಕೂಟ. ಬಂದಿಯನ್ನು ಕಾಯುತ್ತಿದ್ದವರಿಗೆ ಅವನ ಬಗ್ಗೆ ಖುದ್ದು ತಿಳಿದಿದ್ದು ಬಹಳ ಕಡಿಮೆ ಎಂದು ಇದರ ಅರ್ಥ.

ಹೇಬಿಯಸ್ ಕಾರ್ಪಸ್ ಏನನ್ನು ಕೇಳುತ್ತದೆ

ನಮ್ಮ ಹೈಕೋರ್ಟುಗಳಲ್ಲಿ ಸಂವಿಧಾನದ 226ನೇ ವಿಧಿಯಡಿ ದಿನವೂ ಬರುವ ಹೇಬಿಯಸ್ ಕಾರ್ಪಸ್ ಅರ್ಜಿಯೇ ಅಮೆರಿಕದಲ್ಲೂ ಬಂದಿಯ ಅಸ್ತ್ರ. ಎರಡಕ್ಕೂ ಮೂಲ ಇಂಗ್ಲೆಂಡ್. ಈ ರಿಟ್, ಅಂದರೆ ಕೋರ್ಟಿನ ಆಜ್ಞೆ, ಹೋಗುವುದು ಬಂದಿಗಲ್ಲ, ಅವನನ್ನು ಹಿಡಿದಿಟ್ಟವನಿಗೆ: ಆ ಮನುಷ್ಯನನ್ನು ತಂದು ತೋರಿಸು, ಯಾವ ಕಾನೂನಿನಡಿ ಇಟ್ಟುಕೊಂಡಿದ್ದೀಯ ಹೇಳು. ಬಂದಿ ತಪ್ಪಿತಸ್ಥನೋ ಅಲ್ಲವೋ ಎಂದು ನ್ಯಾಯಾಧೀಶರು ಇಲ್ಲಿ ತೀರ್ಮಾನಿಸುವುದಿಲ್ಲ, ಹಿಡಿದವನಿಗೆ ಆ ಅಧಿಕಾರ ಇದೆಯೇ ಎಂದಷ್ಟೇ ನೋಡುತ್ತಾರೆ. ಅಧಿಕಾರವಿಲ್ಲದಿದ್ದರೆ ಬಿಡುಗಡೆ. ಅಮೆರಿಕದ ಕಾನೂನಿನಲ್ಲಿ ಸರ್ಕಾರ 3 ದಿನದಲ್ಲಿ ಉತ್ತರ ಕೊಡಬೇಕು. ಸರಿಯಾದ ಕಾರಣವಿದ್ದರೆ ಹೆಚ್ಚೆಂದರೆ 20 ದಿನ. ಉತ್ತರ ಬಂದ 5 ದಿನದೊಳಗೆ ವಿಚಾರಣೆ. ಈ ಅಂಕಿಗಳನ್ನು ನೆನಪಿಟ್ಟುಕೊಂಡು ಮುಂದೆ ಓದಬೇಕು.

ಅಮೆರಿಕದ ಸಂವಿಧಾನ ಈ ಹಕ್ಕನ್ನು ಬರೆದಿರುವ ರೀತಿಯೂ ವಿಶೇಷ. ಹಕ್ಕು ಇದೆ ಎಂದು ಹೇಳುವುದಿಲ್ಲ. ದಂಗೆ ಅಥವಾ ಪರದಾಳಿಯ ಕಾಲದಲ್ಲಿ ಸಾರ್ವಜನಿಕ ಸುರಕ್ಷತೆಗೆ ಬೇಕಾದಾಗ ಹೊರತು ಅದನ್ನು ಅಮಾನತಿನಲ್ಲಿಡಕೂಡದು ಎನ್ನುತ್ತದೆ. 1861ರಲ್ಲಿ ಅಬ್ರಹಾಂ ಲಿಂಕನ್ ಅಂತರ್ಯುದ್ಧದ ಶುರುವಿನಲ್ಲೇ ತಾವಾಗಿ ಅಮಾನತು ಮಾಡಿದರು, 1863ರಲ್ಲಿ ಸಂಸತ್ತು ಅದಕ್ಕೆ ಕಾನೂನಿನ ಬಲ ಕೊಟ್ಟಿತು. ಯುದ್ಧ ಮುಗಿದ ಮೇಲೆ, 1866ರ ಮಿಲಿಗನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ನಾಗರಿಕ ನ್ಯಾಯಾಲಯಗಳು ತೆರೆದು ಕೆಲಸ ಮಾಡುತ್ತಿರುವಲ್ಲಿ ನಾಗರಿಕನನ್ನು ಸೈನಿಕ ಮಂಡಳಿ ವಿಚಾರಿಸುವಂತಿಲ್ಲ ಎಂದಿತು.

ಅಮಾನತು ಎಂದರೆ ಏನೆಂದು ಬೆಂಗಳೂರಿಗೆ ಚೆನ್ನಾಗಿ ಗೊತ್ತು. 1971ರ ಡಿಸೆಂಬರ್ 3ರಂದು ಯುದ್ಧದ ಕಾರಣಕ್ಕೆ ಘೋಷಿಸಿದ ತುರ್ತು ಪರಿಸ್ಥಿತಿ 1975ರಲ್ಲೂ ಜಾರಿಯಲ್ಲಿತ್ತು, ಅದರ ಮೇಲೆ ಇನ್ನೊಂದು ಬಂತು. ಆ ಜೂನ್‌ನಲ್ಲಿ ಬೆಂಗಳೂರಿನಲ್ಲಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ್ ಮಿಶ್ರ ಅವರನ್ನು ಬಂಧಿಸಿ ಸೆಂಟ್ರಲ್ ಜೈಲಿಗೆ ಹಾಕಿದಾಗ ಅವರು ಹೋದದ್ದು ಕರ್ನಾಟಕ ಹೈಕೋರ್ಟಿಗೆ, ಹೇಬಿಯಸ್ ಅರ್ಜಿ ಹಿಡಿದು. ಅರ್ಜಿ ನಡೆಯುತ್ತದೆ ಎಂದಿತು ಹೈಕೋರ್ಟು. ಆದರೆ 1976ರ ಏಪ್ರಿಲ್ 28ರಂದು ಎಡಿಎಂ ಜಬಲ್ಪುರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 4–1ರಿಂದ ಆ ಬಾಗಿಲನ್ನೇ ಮುಚ್ಚಿತು. ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. 1978ರ 44ನೇ ತಿದ್ದುಪಡಿಯ ನಂತರ ತುರ್ತು ಪರಿಸ್ಥಿತಿಯಲ್ಲೂ ಜೀವ, ಸ್ವಾತಂತ್ರ್ಯವನ್ನು ಕಾಯುವ 20 ಮತ್ತು 21ನೇ ವಿಧಿಗಳನ್ನು ಅಮಾನತು ಮಾಡುವಂತಿಲ್ಲ. ಜಬಲ್ಪುರ ತೀರ್ಪನ್ನು ಸುಪ್ರೀಂ ಕೋರ್ಟು ಸ್ಪಷ್ಟ ಮಾತಿನಲ್ಲಿ ರದ್ದು ಮಾಡಿದ್ದು 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ್ದ ಪ್ರಕರಣದಲ್ಲಿ.

ಜಾಗದ ಆಯ್ಕೆ

ಬುಷ್ ಸರ್ಕಾರ ಅಮಾನತಿನ ಗೋಜಿಗೇ ಹೋಗಲಿಲ್ಲ. ಸಂವಿಧಾನ ಮುಟ್ಟದ ಜಾಗವನ್ನು ಹುಡುಕಿತು. ಅದಕ್ಕೆ ಆಸರೆಯಾದದ್ದು 1950ರ ಐಸೆಂಟ್ರಾಗರ್ ತೀರ್ಪು. ಚೀನಾದಲ್ಲಿ ಸಿಕ್ಕಿಬಿದ್ದು, ಅಲ್ಲೇ ಸೈನಿಕ ಮಂಡಳಿಯಿಂದ ಶಿಕ್ಷೆಯಾಗಿ, ಜರ್ಮನಿಯ ಲಾಂಡ್ಸ್‌ಬರ್ಗ್ ಜೈಲಿನಲ್ಲಿದ್ದ 21 ಜರ್ಮನರ ಅರ್ಜಿಯನ್ನು ಸುಪ್ರೀಂ ಕೋರ್ಟು ಆಗ ತಳ್ಳಿಹಾಕಿತ್ತು: ಅವರು ಶತ್ರುದೇಶದವರು, ಅಮೆರಿಕದ ನೆಲವನ್ನು ಎಂದೂ ಮೆಟ್ಟಿದವರಲ್ಲ.

ಕ್ಯೂಬಾದ ಗ್ವಾಂಟನಾಮೊ ಕೊಲ್ಲಿಯ ನೌಕಾನೆಲೆ ಸುಮಾರು 45 ಚದರ ಮೈಲಿ. 1903ರ ಗುತ್ತಿಗೆ ಪತ್ರದ ಪ್ರಕಾರ ಅಲ್ಲಿ ಅಂತಿಮ ಪರಮಾಧಿಕಾರ ಕ್ಯೂಬಾದ್ದು, ಸಂಪೂರ್ಣ ಅಧಿಕಾರವ್ಯಾಪ್ತಿ ಮತ್ತು ಹತೋಟಿ ಅಮೆರಿಕದ್ದು. 1934ರ ಒಪ್ಪಂದದ ಪ್ರಕಾರ ಎರಡೂ ಕಡೆಯವರು ಒಪ್ಪದೆ ಗುತ್ತಿಗೆ ಮುಗಿಯದು; ಅಮೆರಿಕ ತಾನಾಗಿ ಬಿಟ್ಟುಹೋದರೆ ಮಾತ್ರ ಬೇರೆ. ಕ್ಯೂಬಾದ ಕೋರ್ಟು ಅಲ್ಲಿಗೆ ಕಾಲಿಡುವಂತಿಲ್ಲ; ಅಮೆರಿಕದ ಕೋರ್ಟಿಗೆ ಅದು ಪರದೇಶ. ಅಮೆರಿಕದ ನ್ಯಾಯಾಲಯಗಳಿಗೆ ಇಲ್ಲಿ ಬಹುಶಃ ಅಧಿಕಾರವಿರಲಾರದು ಎಂದು ನ್ಯಾಯ ಇಲಾಖೆಯ ವಕೀಲರು 2001ರ ಡಿಸೆಂಬರ್ 28ರಂದು ಬರೆದುಕೊಟ್ಟರು. ಅಪಾಯವಿದೆ ಎಂದೂ ಅದೇ ಟಿಪ್ಪಣಿಯಲ್ಲಿ ಒಪ್ಪಿಕೊಂಡಿದ್ದರು. ಎರಡು ವಾರದಲ್ಲಿ, 2002ರ ಜನವರಿ 11ರಂದು, ಮೊದಲ 20 ಬಂದಿಗಳು ಅಲ್ಲಿ ಇಳಿದರು. ಒಟ್ಟಾರೆ ಅಲ್ಲಿಗೆ ಬಂದವರು ಸುಮಾರು 780.

ಬಂದಿಗಳು ವಕೀಲರನ್ನು ಕಾಣುವಂತಿರಲಿಲ್ಲ, ಹಾಗಾಗಿ ಮೊದಲ ಅರ್ಜಿಗಳನ್ನು ಹಾಕಿದವರು ಊರಲ್ಲಿದ್ದ ಅವರ ಮನೆಯವರು. 2004ರ ಜೂನ್ 28ರ ರಸೂಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು 6–3ರಿಂದ ಅವರ ಪರ ನಿಂತಿತು. ಬಂದಿ ಎಲ್ಲಿದ್ದಾನೆ ಎನ್ನುವುದಕ್ಕಿಂತ ಅವನನ್ನು ಹಿಡಿದಿಟ್ಟವನು ಕೋರ್ಟಿನ ಕೈಗೆಟುಕುತ್ತಾನೆಯೇ ಎನ್ನುವುದು ಮುಖ್ಯ ಎಂದು ಬರೆದವರು ಜಾನ್ ಪಾಲ್ ಸ್ಟೀವನ್ಸ್. ಅದೇ ದಿನ ಹಮ್ದಿ ಪ್ರಕರಣವೂ ತೀರ್ಮಾನವಾಯಿತು. ಲೂಸಿಯಾನದಲ್ಲಿ ಹುಟ್ಟಿದ, ಅಂದರೆ ಅಮೆರಿಕದ ಪ್ರಜೆಯೇ ಆಗಿದ್ದ ಯಾಸರ್ ಹಮ್ದಿಯನ್ನು ಒಬ್ಬ ಅಧಿಕಾರಿಯ ಎರಡು ಪುಟದ ಹೇಳಿಕೆಯ ಮೇಲೆ ಸೈನಿಕ ಸೆರೆಯಲ್ಲಿಟ್ಟಿದ್ದರು. ಯುದ್ಧವಿದೆ ಎಂಬ ಮಾತ್ರಕ್ಕೆ ಅಧ್ಯಕ್ಷರಿಗೆ ಖಾಲಿ ಚೆಕ್ ಬರೆದುಕೊಟ್ಟಂತಲ್ಲ ಎಂದರು ಸ್ಯಾಂಡ್ರಾ ಡೇ ಓ'ಕಾನರ್. ಹಿಡಿದ ಕಾರಣವನ್ನು ಬಂದಿಗೆ ತಿಳಿಸಬೇಕು, ಪಕ್ಷಪಾತವಿಲ್ಲದವರ ಎದುರು ಅದನ್ನು ಅಲ್ಲಗಳೆಯಲು ಅವಕಾಶ ಕೊಡಬೇಕು. ಆದರೆ ಕೇಳಿಕೆಯ ಮಾತನ್ನೂ ಸಾಕ್ಷ್ಯವಾಗಿ ಒಪ್ಪಬಹುದು, ಮೊದಲ ನಂಬಿಕೆ ಸರ್ಕಾರದ ಮೇಲಿರಬಹುದು ಎಂದೂ ಅವರು ಸೇರಿಸಿದರು. ಈ ಎರಡು ರಿಯಾಯಿತಿಗಳು ಮುಂದೆ ಬಹಳ ದೂರ ಹೋದವು.

ಕಣ್ಣೊರೆಸುವ ಮಂಡಳಿ

ಒಂಬತ್ತೇ ದಿನದಲ್ಲಿ ರಕ್ಷಣಾ ಇಲಾಖೆ ಗ್ವಾಂಟನಾಮೊದಲ್ಲಿ ತನ್ನದೇ ಮಂಡಳಿಗಳನ್ನು ತೆರೆಯಿತು. ಪ್ರತಿ ಮಂಡಳಿಯಲ್ಲಿ ಮೂವರು ಸೇನಾಧಿಕಾರಿಗಳು. ಬಂದಿಗೆ ವಕೀಲರಿಲ್ಲ, ವಕೀಲರಲ್ಲದ ಒಬ್ಬ ಸೇನಾಧಿಕಾರಿಯ ನೆರವು ಮಾತ್ರ. ರಹಸ್ಯ ಸಾಕ್ಷ್ಯವನ್ನು ಮಂಡಳಿ ನೋಡುತ್ತದೆ, ಬಂದಿ ನೋಡುವುದಿಲ್ಲ. 558 ವಿಚಾರಣೆಗಳಲ್ಲಿ 38 ಮಂದಿ ಮಾತ್ರ ಶತ್ರು ಹೋರಾಟಗಾರರಲ್ಲ ಎಂದು ತೀರ್ಮಾನವಾಯಿತು.

ಅಲ್ಲಿ ಏನು ಕೆಡುತ್ತಿತ್ತು ಎನ್ನುವುದಕ್ಕೆ ಕೋರ್ಟಿನ ಕಡತದಲ್ಲೇ ಒಂದು ಉದಾಹರಣೆ ಇದೆ. ಅಲ್ ಖೈದಾದ ಒಬ್ಬ ಪರಿಚಿತ ವ್ಯಕ್ತಿಯ ಜೊತೆ ನಿನಗೆ ಸಂಬಂಧವಿತ್ತು ಎಂದು ಮುಸ್ತಫಾ ಐತ್ ಇದಿರ್ ಎಂಬ ಬಂದಿಯ ಮೇಲೆ ಆರೋಪ. ಆ ವ್ಯಕ್ತಿ ಯಾರು, ಹೆಸರು ಹೇಳಿ ಎಂದು ಇದಿರ್ ಕೇಳಿದ. ಮಂಡಳಿಯ ಅಧ್ಯಕ್ಷರಿಗೂ ಹೆಸರು ಗೊತ್ತಿರಲಿಲ್ಲ. ಹೆಸರಿಲ್ಲದವನ ಪರಿಚಯ ತನಗಿಲ್ಲ ಎಂದು ಸಾಧಿಸುವುದು ಯಾರಿಂದಲೂ ಆಗದ ಕೆಲಸ.

ಈ ಮಂಡಳಿಯೇ ಸಾಕು ಎಂಬ ವಾದದ ಮೇಲೆ ಸಂಸತ್ತು ಎರಡು ಸಲ ಕೋರ್ಟಿನ ಅಧಿಕಾರವನ್ನು ಕಿತ್ತುಕೊಂಡಿತು. 2005ರ ಡಿಸೆಂಬರ್ ಕಾಯ್ದೆಯು ಬಾಕಿ ಇರುವ ಅರ್ಜಿಗಳಿಗೆ ಅನ್ವಯಿಸದು ಎಂದು 2006ರ ಜೂನ್‌ನಲ್ಲಿ ಹಮ್ದಾನ್ ತೀರ್ಪು ಹೇಳಿತು. ಅಕ್ಟೋಬರ್‌ನಲ್ಲಿ ಬಂದ ಸೈನಿಕ ಆಯೋಗಗಳ ಕಾಯ್ದೆ ಬಾಕಿ ಅರ್ಜಿಗಳನ್ನೂ ಸೇರಿಸಿ ಮುಚ್ಚಿತು.

ಬೂಮೆಡಿಯೆನ್

ಸಾರಾಯೆವೊದಲ್ಲಿ ರೆಡ್ ಕ್ರೆಸೆಂಟ್ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ಲಖ್ದರ್ ಬೂಮೆಡಿಯೆನ್ ಮತ್ತು ಇನ್ನೈವರು ಅಲ್ಜೀರಿಯಾ ಮೂಲದವರು. ಅಮೆರಿಕದ ರಾಯಭಾರ ಕಚೇರಿಗೆ ಬಾಂಬ್ ಇಡುವ ಸಂಚು ಎಂದು 2001ರ ಅಕ್ಟೋಬರ್‌ನಲ್ಲಿ ಬೋಸ್ನಿಯಾ ಪೊಲೀಸರು ಅವರನ್ನು ಹಿಡಿದರು. ಪುರಾವೆಯಿಲ್ಲ, ಬಿಡಿ ಎಂದು 2002ರ ಜನವರಿ 17ರಂದು ಅಲ್ಲಿನ ಸುಪ್ರೀಂ ಕೋರ್ಟು ಆದೇಶಿಸಿತು. ಬಿಡುಗಡೆಯ ಬದಲು ಅವರನ್ನು ಅಮೆರಿಕದವರ ಕೈಗೆ ಒಪ್ಪಿಸಿದರು. ಜನವರಿ 20ಕ್ಕೆ ಅವರು ಗ್ವಾಂಟನಾಮೊದಲ್ಲಿದ್ದರು. ಮೇಲೆ ಹೇಳಿದ ಐತ್ ಇದಿರ್ ಈ ಆರು ಮಂದಿಯಲ್ಲಿ ಒಬ್ಬ. ಇವರನ್ನು ಹಿಡಿದದ್ದು ಯುದ್ಧ ನಡೆಯುತ್ತಿದ್ದ ನೆಲದಲ್ಲೇ ಅಲ್ಲ.

ಅವರ ಮೇಲ್ಮನವಿಯನ್ನು ಸುಪ್ರೀಂ ಕೋರ್ಟು 2007ರ ಏಪ್ರಿಲ್‌ನಲ್ಲಿ ನಿರಾಕರಿಸಿತ್ತು. ಜೂನ್‌ನಲ್ಲಿ, ಅದೇ ಮಂಡಳಿಗಳಲ್ಲಿ ಕೆಲಸ ಮಾಡಿದ್ದ ಲೆಫ್ಟಿನೆಂಟ್ ಕರ್ನಲ್ ಸ್ಟೀಫನ್ ಅಬ್ರಹಾಂ ಪ್ರಮಾಣಪತ್ರ ಸಲ್ಲಿಸಿದರು: ಮಂಡಳಿಯ ಮುಂದೆ ಇಡುತ್ತಿದ್ದ ಮಾಹಿತಿ ಪೊಳ್ಳು, ಒಬ್ಬ ಬಂದಿಗೆ ಸಂಬಂಧಿಸಿದ್ದು ಎನ್ನುವಂಥದ್ದೂ ಅಲ್ಲ. ಕೆಲವೇ ದಿನಗಳಲ್ಲಿ ಕೋರ್ಟು ತನ್ನ ನಿರಾಕರಣೆಯನ್ನು ಹಿಂದೆಗೆದುಕೊಂಡಿತು. ಆ ಕೋರ್ಟಿನ ಇತಿಹಾಸದಲ್ಲಿ ಇದು ತೀರಾ ಅಪರೂಪ. ಒಳಗಿದ್ದ ಒಬ್ಬ ಅಧಿಕಾರಿ ಬಾಯಿ ಬಿಡದಿದ್ದರೆ ಈ ತೀರ್ಪೇ ಬರುತ್ತಿರಲಿಲ್ಲವೇನೋ.

2008ರ ಜೂನ್ 12ರಂದು, 5–4ರ ಬಹುಮತದ ಪರ ಆಂಥೊನಿ ಕೆನಡಿ ಬರೆದ ತೀರ್ಪು ಬಂತು. ಕಾಗದದ ಮೇಲೆ ಪರಮಾಧಿಕಾರ ಯಾರದ್ದು ಎನ್ನುವುದು ಅಂತಿಮವಲ್ಲ, ಇಲ್ಲದಿದ್ದರೆ ಸರ್ಕಾರ ಒಂದು ನೆಲವನ್ನು ಬಿಟ್ಟುಕೊಟ್ಟಂತೆ ಮಾಡಿ, ಮತ್ತೆ ಗುತ್ತಿಗೆಗೆ ಪಡೆದು ಸಂವಿಧಾನದಿಂದ ತಪ್ಪಿಸಿಕೊಳ್ಳಬಹುದು. ಮೂರು ಸಂಗತಿ ನೋಡಬೇಕು ಎಂದಿತು ಕೋರ್ಟು: ಬಂದಿ ಯಾವ ದೇಶದ ಪ್ರಜೆ, ಅವನನ್ನು ಶತ್ರುವೆಂದು ಯಾವ ಕ್ರಮದಿಂದ ನಿರ್ಧರಿಸಿದರು; ಎಲ್ಲಿ ಹಿಡಿದರು, ಎಲ್ಲಿ ಇಟ್ಟರು; ರಿಟ್ ನಡೆಸಲು ನಿಜವಾದ ಅಡ್ಡಿಗಳೇನು. ಐಸೆಂಟ್ರಾಗರ್ ಪ್ರಕರಣದ ಜರ್ಮನರಿಗೆ ವಕೀಲರಿದ್ದ, ಪಾಟೀಸವಾಲು ನಡೆದ ವಿಚಾರಣೆಯಾದರೂ ಆಗಿತ್ತು. ಇವರಿಗೆ ಅದೂ ಇಲ್ಲ. ಸೇನಾ ಮಂಡಳಿಯ ತೀರ್ಮಾನದ ಮೇಲೆ ಸಂಸತ್ತು ಉಳಿಸಿದ್ದ, ಹೊಸ ಸಾಕ್ಷ್ಯವನ್ನು ನೋಡಲಾಗದ ಮೇಲ್ಮನವಿ ಹೇಬಿಯಸ್‌ಗೆ ಬದಲಿಯಾಗದು. ಹಾಗಾಗಿ ಕೋರ್ಟಿನ ಅಧಿಕಾರ ಕಿತ್ತುಕೊಂಡ 2006ರ ಕಾಯ್ದೆಯ ಸೆಕ್ಷನ್ ಸಂವಿಧಾನಬಾಹಿರ.

ಅರ್ಜಿ ನಡೆಯುವ ಬಗೆ

ಹಕ್ಕು ಸಿಕ್ಕಿತು. ನಡೆಸುವುದು ಹೇಗೆ ಎಂದು ಸುಪ್ರೀಂ ಕೋರ್ಟು ಹೇಳಲಿಲ್ಲ. ಅದನ್ನು ವಾಷಿಂಗ್ಟನ್ನಿನ ಜಿಲ್ಲಾ ನ್ಯಾಯಾಲಯವೇ ಕಟ್ಟಬೇಕಾಯಿತು, ಎಲ್ಲ ಅರ್ಜಿಗಳೂ ಅಲ್ಲಿಗೇ ಬಂದಿದ್ದವು. ನ್ಯಾಯಾಧೀಶ ಥಾಮಸ್ ಹೋಗನ್ 2008ರ ನವೆಂಬರ್ 6ರಂದು ಹೊರಡಿಸಿದ ಆದೇಶವೇ ಬಹುತೇಕ ಪ್ರಕರಣಗಳ ಚೌಕಟ್ಟು.

ಮೊದಲು ಸರ್ಕಾರ ಬಂಧನದ ಕಾರಣಗಳನ್ನು ದಾಖಲೆ ಸಹಿತ ಸಲ್ಲಿಸುತ್ತದೆ. ನಮ್ಮ ಕೋರ್ಟುಗಳ ಆಕ್ಷೇಪಣೆ ಇದ್ದಂತೆ. ಬಹುಪಾಲು ಗುಪ್ತಚರ ವರದಿಗಳು, ವಿಚಾರಣೆಯ ಸಾರಾಂಶಗಳು. ಮೂಲ ಹೇಳಿಕೆ ಕೊಟ್ಟವರು ಕಟಕಟೆಗೆ ಬರುವುದಿಲ್ಲ. ಬಂದಿಗೆ ಅನುಕೂಲವಾಗುವ ದಾಖಲೆ ತನ್ನಲ್ಲಿದ್ದರೆ ಅದನ್ನೂ ಕೊಡಬೇಕು. ಆಮೇಲೆ ಬಂದಿಯ ವಕೀಲರು ಒಂದೊಂದೇ ಆರೋಪಕ್ಕೆ ಪ್ರತ್ಯುತ್ತರ ಹಾಕುತ್ತಾರೆ. ಜ್ಯೂರಿ ಇಲ್ಲ, ನ್ಯಾಯಾಧೀಶರೊಬ್ಬರೇ. ಸಾಬೀತು ಮಾಡುವ ಹೊಣೆ ಸರ್ಕಾರದ್ದು, ಆದರೆ ಕ್ರಿಮಿನಲ್ ಕೇಸಿನಂತೆ ಸಂಶಯಾತೀತವಾಗಿ ಅಲ್ಲ. ಸಿವಿಲ್ ದಾವೆಯಂತೆ ತಕ್ಕಡಿ ಒಂದಿಷ್ಟು ತನ್ನ ಕಡೆ ವಾಲಿದರೆ ಸಾಕು.

ಅತಿ ಕಷ್ಟದ ಗಂಟು ರಹಸ್ಯ ದಾಖಲೆ. ವಕೀಲರು ಭದ್ರತಾ ಅನುಮತಿ ಪಡೆದಿರಬೇಕು, ರಾಜಧಾನಿಯ ಬಳಿಯ ಕಾವಲಿನ ಕಚೇರಿಯಲ್ಲೇ ಕುಳಿತು ಕಡತ ಓದಬೇಕು. ಗ್ವಾಂಟನಾಮೊದಲ್ಲಿ ಬಂದಿಯ ಜೊತೆ ಮಾತಾಡಿ ಬರೆದುಕೊಂಡ ಟಿಪ್ಪಣಿಯೂ ಪರಿಶೀಲನೆಯಾಗಿಯೇ ಕೈಗೆ ಬರುತ್ತದೆ. ಓದಿದ್ದನ್ನು ಬಂದಿಗೆ ಹೇಳುವಂತಿಲ್ಲ. ಇಂಥವನೊಬ್ಬ ನಿನ್ನನ್ನು ತರಬೇತಿ ಶಿಬಿರದಲ್ಲಿ ಕಂಡೆ ಎಂದಿದ್ದಾನೆ, ಅವನಿಗೂ ನಿನಗೂ ಹಳೆಯ ದ್ವೇಷವಿತ್ತೇ ಎಂದು ಕೇಳಬೇಕಾದ ಒಂದೇ ಪ್ರಶ್ನೆಯನ್ನು ವಕೀಲರು ಕೇಳಲಾರರು. ಕೇಳಿದರೆ ರಹಸ್ಯ ಬಯಲು. ಉತ್ತರ ಬಲ್ಲವನಿಗೆ ಪ್ರಶ್ನೆ ಗೊತ್ತಿಲ್ಲ, ಪ್ರಶ್ನೆ ಬಲ್ಲವರಿಗೆ ಉತ್ತರ ಗೊತ್ತಿಲ್ಲ.

ಇಷ್ಟಿದ್ದೂ ಈ ವಿಚಾರಣೆ ಕೆಲಸ ಮಾಡಿತು. ಬೂಮೆಡಿಯೆನ್ ಪ್ರಕರಣ ಮರಳಿದ್ದು ನ್ಯಾಯಾಧೀಶ ರಿಚರ್ಡ್ ಲಿಯೋನ್ ಅವರ ಮುಂದೆ, ಇವರಿಗೆ ಯಾವ ಹಕ್ಕೂ ಇಲ್ಲ ಎಂದು 2005ರಲ್ಲಿ ತೀರ್ಪಿತ್ತಿದ್ದವರೇ ಅವರು. ವಿಚಾರಣೆಗೆ ಮುನ್ನ ಸರ್ಕಾರ ರಾಯಭಾರ ಕಚೇರಿಯ ಸಂಚಿನ ಆರೋಪವನ್ನೇ ಕೈಬಿಟ್ಟಿತು. ಉಳಿದದ್ದು ಅಫ್ಗಾನಿಸ್ತಾನಕ್ಕೆ ಹೋಗಿ ಹೋರಾಡುವ ಯೋಚನೆ ಇತ್ತು ಎಂಬುದು. ಅದಕ್ಕೆ ಆಧಾರ ಹೆಸರಿಲ್ಲದ ಒಬ್ಬನೇ ಮೂಲ. 2008ರ ನವೆಂಬರ್ 20ರಂದು ಲಿಯೋನ್ ಆರರಲ್ಲಿ ಐವರ ಬಿಡುಗಡೆಗೆ ಆದೇಶಿಸಿದರು. ಬೂಮೆಡಿಯೆನ್ 2009ರ ಮೇ ತಿಂಗಳಲ್ಲಿ ಫ್ರಾನ್ಸ್ ತಲುಪಿದ. 3 ದಿನ, 20 ದಿನ, 5 ದಿನ ಎನ್ನುವ ಕಾಯ್ದೆಯ ಎಣಿಕೆಯಲ್ಲಿ ಮುಗಿಯಬೇಕಿದ್ದ ಪ್ರಶ್ನೆಗೆ ಏಳು ವರ್ಷ ಹಿಡಿಯಿತು.

ಗೆದ್ದರೂ ಎಲ್ಲಿ ಸೋರಿತು

ಚೀನಾದ ಉಯ್ಗುರ್ ಸಮುದಾಯದ 17 ಮಂದಿಯ ವಿಷಯದಲ್ಲಿ, ಅವರು ಶತ್ರು ಹೋರಾಟಗಾರರೆಂಬ ವಾದವನ್ನು ಸರ್ಕಾರವೇ ಬಿಟ್ಟಿತ್ತು. ಚೀನಾಕ್ಕೆ ಕಳಿಸಿದರೆ ಚಿತ್ರಹಿಂಸೆಯ ಭಯ. ಅಮೆರಿಕದೊಳಗೇ ಬಿಡಿ ಎಂದು ನ್ಯಾಯಾಧೀಶ ರಿಕಾರ್ಡೊ ಅರ್ಬಿನಾ 2008ರ ಅಕ್ಟೋಬರ್‌ನಲ್ಲಿ ಆದೇಶಿಸಿದರು. ದೇಶದೊಳಗೆ ಯಾರನ್ನು ಬಿಟ್ಟುಕೊಳ್ಳಬೇಕು ಎನ್ನುವುದು ಕೋರ್ಟಿನ ಕೆಲಸವಲ್ಲ ಎಂದು ಮೇಲ್ಮನವಿ ನ್ಯಾಯಾಲಯ 2009ರ ಫೆಬ್ರವರಿಯಲ್ಲಿ ಅದನ್ನು ತಳ್ಳಿಹಾಕಿತು. ಒಪ್ಪಿಕೊಳ್ಳುವ ದೇಶಗಳನ್ನು ಹುಡುಕಿ ಹುಡುಕಿ ಬರ್ಮುಡಾಗೆ 4, ಪಲಾವುಗೆ 6, ಸ್ವಿಟ್ಜರ್ಲೆಂಡಿಗೆ 2, ಎಲ್ ಸಾಲ್ವಡಾರ್‌ಗೆ 2 ಮಂದಿ ಹೋದರು. ಕೊನೆಯ ಮೂವರು ಸ್ಲೊವಾಕಿಯಾ ಸೇರಿದ್ದು 2013ರ ಡಿಸೆಂಬರ್‌ನಲ್ಲಿ. ಬಿಡುಗಡೆಯ ಆದೇಶಕ್ಕೆ ಬಿಡುಗಡೆ ಮಾಡಿಸುವ ಬಲವಿಲ್ಲದಿದ್ದರೆ ಹೇಬಿಯಸ್‌ನ ಜೀವವೇ ಹೋದಂತೆ.

ಇನ್ನೊಂದು ಸೋರಿಕೆ ಸಾಕ್ಷ್ಯದ್ದು. ಮೊದಮೊದಲು ಜಿಲ್ಲಾ ನ್ಯಾಯಾಧೀಶರು ಪ್ರತಿ ವರದಿಯನ್ನೂ ಬಿಡಿಬಿಡಿಯಾಗಿ ಉಜ್ಜಿ ನೋಡುತ್ತಿದ್ದರು. 2010ರ ಜುಲೈನ ಅಲ್ ಅದಾಹಿ ತೀರ್ಪಿನಲ್ಲಿ ಮೇಲ್ಮನವಿ ನ್ಯಾಯಾಲಯ ಈ ಕ್ರಮ ತಪ್ಪೆಂದಿತು, ಎಲ್ಲವನ್ನೂ ಒಟ್ಟಿಗೆ ನೋಡಬೇಕೆಂದಿತು. ಸೇಟನ್ ಹಾಲ್‌ನ ಲೆಕ್ಕದಲ್ಲಿ ಅದಕ್ಕೆ ಮುಂಚಿನ 34 ಅರ್ಜಿಗಳಲ್ಲಿ ಬಂದಿಗಳು ಶೇ 59ರಷ್ಟು ಗೆದ್ದಿದ್ದರು, ನಂತರದ 12ರಲ್ಲಿ ಶೇ 8. 2011ರ ಅಕ್ಟೋಬರ್‌ನ ಲತೀಫ್ ತೀರ್ಪು ಇನ್ನೂ ಮುಂದೆ ಹೋಯಿತು. ಸರ್ಕಾರಿ ಗುಪ್ತಚರ ವರದಿಯನ್ನು ಸರಿಯಾಗಿ ಬರೆದುಕೊಂಡದ್ದು ಎಂದೇ ಮೊದಲು ನಂಬಬೇಕು, ಅಲ್ಲವೆಂದು ತೋರಿಸುವ ಹೊಣೆ ಬಂದಿಯದು. ಯುದ್ಧದ ಗದ್ದಲದ ನಡುವೆ ಬರೆದ ವರದಿಗೆ ಕಚೇರಿಯ ರಿಜಿಸ್ಟರಿನ ಮರ್ಯಾದೆ ಕೊಡುವುದು ಸರಿಯಲ್ಲ ಎಂದು ನ್ಯಾಯಾಧೀಶ ಡೇವಿಡ್ ಟೇಟಲ್ ಭಿನ್ನಮತ ಬರೆದರು. ಅವರು ಹೇಳಿದ್ದೇ ಸರಿ. ಭಾಷಾಂತರದ ತಪ್ಪು, ಹೆಸರಿನ ಗೊಂದಲ ಇಂಥ ವರದಿಗಳಲ್ಲೇ ಹೆಚ್ಚು. ಯೆಮನ್‌ನ ಅದ್ನಾನ್ ಲತೀಫ್ ಜಿಲ್ಲಾ ನ್ಯಾಯಾಲಯದಲ್ಲಿ ಗೆದ್ದಿದ್ದವನು. 2012ರ ಸೆಪ್ಟೆಂಬರ್‌ನಲ್ಲಿ ಗ್ವಾಂಟನಾಮೊದಲ್ಲೇ ತೀರಿಕೊಂಡ.

ಜಾಗದ ಪ್ರಶ್ನೆಯೂ ಮುಗಿದಿರಲಿಲ್ಲ. ಬೇರೆ ದೇಶಗಳಲ್ಲಿ ಹಿಡಿದು ಅಫ್ಗಾನಿಸ್ತಾನದ ಬಗ್ರಾಮ್‌ಗೆ ತಂದವರೂ ಅರ್ಜಿ ಹಾಕಿದರು. ಬೂಮೆಡಿಯೆನ್‌ನ ಮೂರು ಅಳತೆಗಳನ್ನೇ ಹಿಡಿದು, ಅದು ಇನ್ನೂ ಯುದ್ಧ ನಡೆಯುತ್ತಿರುವ ನೆಲ, ಅಲ್ಲಿಗೆ ರಿಟ್ ತಲುಪದು ಎಂದಿತು ಮೇಲ್ಮನವಿ ನ್ಯಾಯಾಲಯ, 2010ರ ಮೇ ತಿಂಗಳಲ್ಲಿ. ಯುದ್ಧಭೂಮಿಗೆ ಅವರನ್ನು ತಂದಿಟ್ಟವರು ಯಾರು ಎಂಬುದು ಆ ಅಳತೆಯಲ್ಲಿ ತೂಗಲಿಲ್ಲ.

ಉಳಿದದ್ದು ಕಾಲದ ಪ್ರಶ್ನೆ. ಕಾದಾಟ ನಿಲ್ಲುವವರೆಗೆ ಇಟ್ಟುಕೊಳ್ಳಬಹುದಾದರೆ, ನಿಂತದ್ದು ಯಾವಾಗ? ಅಫ್ಗಾನಿಸ್ತಾನದ ಅಸಾದುಲ್ಲಾ ಹಾರೂನ್ ಗುಲ್ ಅರ್ಜಿಯನ್ನು ನ್ಯಾಯಾಧೀಶ ಅಮಿತ್ ಮೆಹ್ತಾ 2021ರ ಅಕ್ಟೋಬರ್‌ನಲ್ಲಿ ಎತ್ತಿಹಿಡಿದರು. ಅವನಿದ್ದ ಹೆಜ್ಬ್‌ ಎ ಇಸ್ಲಾಮಿ ಗುಂಪು 2016ರಲ್ಲೇ ಅಫ್ಗಾನ್ ಸರ್ಕಾರದೊಡನೆ ಶಾಂತಿ ಒಪ್ಪಂದ ಮಾಡಿಕೊಂಡಿತ್ತು. ಆದೇಶ ಬಂದು ಎಂಟು ತಿಂಗಳ ಮೇಲೆ ಅವನನ್ನು ಕಳಿಸಿದರು. ಯೆಮನ್‌ನ ಮುಆದ್ ಅಲ್ ಅಲ್ವಿ ಇದೇ ಬಗೆಯ ವಾದ ಹೂಡಿ ಎಲ್ಲ ಹಂತದಲ್ಲೂ ಸೋತ. 2019ರ ಜೂನ್‌ನಲ್ಲಿ ಅವನ ಮನವಿಯನ್ನು ಸುಪ್ರೀಂ ಕೋರ್ಟು ತಿರಸ್ಕರಿಸಿದಾಗ, ಈ ಸೆರೆ ಎಲ್ಲಿಯವರೆಗೆ ಎಂಬ ಪ್ರಶ್ನೆಯನ್ನು ಎತ್ತಿಕೊಳ್ಳುವ ಹೊತ್ತು ಬಂದಿದೆ ಎಂದು ಸ್ಟೀಫನ್ ಬ್ರೇಯರ್ ಪ್ರತ್ಯೇಕವಾಗಿ ಬರೆದರು. ಅಲ್ವಿಯನ್ನು ಕಳಿಸಬಹುದು ಎಂದು ಆಮೇಲೆ ಒಪ್ಪಿದ್ದು ಕೋರ್ಟಲ್ಲ, ಸರ್ಕಾರದ ಆರು ಸಂಸ್ಥೆಗಳ ಪ್ರತಿನಿಧಿಗಳಿರುವ ಪುನರ್‌ಪರಿಶೀಲನಾ ಮಂಡಳಿ. ಅದಾಗಿ ಸುಮಾರು ಮೂರು ವರ್ಷದ ಮೇಲೆ, 2025ರ ಜನವರಿಯಲ್ಲಿ, ಇನ್ನು ಹತ್ತು ಯೆಮನಿಗಳ ಜೊತೆ ಅವನನ್ನು ಒಮಾನ್‌ಗೆ ಕಳಿಸಿದರು. ಅಂದು ಗ್ವಾಂಟನಾಮೊದಲ್ಲಿ ಉಳಿದ ಬಂದಿಗಳು 15.